ಮಲಗದ ಜೇನು

ಏಳನೆಯ ಬಾಟಲಿ ಪೆಟ್ಟಿಗೆಯೊಳಗೇ ಸಿಡಿಯಿತು. ಸಿಂಚನಾ ಮತ್ತು ಅವಳ ಗಂಡ ಅಜಿತ್ ಉಳಿದ ಪೆಟ್ಟಿಗೆಗಳ ಮೇಲೆ ಒದ್ದೆ ಗೋಣಿ ಹೊದೆಸಿ ಶೆಡ್ಡಿನ ಮೂಲೆಗೆ ಸರಿದರು. ನೆಲದ ತುಂಬ ಗಾಜು, ಅದರ ಮೇಲೆ ಹಳದಿ ನೊರೆ. ಬಸ್ರೂರಿನ ಇರುವೆಗಳಿಗೆಲ್ಲ ಆಗಲೇ ಸುದ್ದಿ ಮುಟ್ಟಿತ್ತು.

“ಹುಳಿ ಬಪ್ಪುದ್ ಮುಗಿಯೂಕ್ ಮುಂಚೆ ತುಂಬ್ಸಿದ್ದ್,” ಎಂದ ಅಜಿತ್. “ಅತ್ತೆಗೆ ಕಿವಿ ಸಮಾ ಕೇಂತಿಲ್ಲ. ಇವತ್ತ್ ಹೇಳ್ಲೇ ಬೇಕ್.”

“ನೀವ್ ಸುಮ್ನಿರಿ.”

“ನಾನ್ ಸುಮ್ನಿಪ್ಪೆ. ಬಾಟ್ಲಿ ಸುಮ್ನಿರ್ತಿಲ್ಲ ಅಲ್ದಾ?”

ಅವರ ಮೀಡ್, ಅಂದರೆ ಜೇನನ್ನು ನೀರಿನಲ್ಲಿ ಹುಳಿ ಬರಿಸಿ ಮಾಡುವ ಮದ್ಯ, ಅಂಗಡಿಗಳಿಗೆ ಹೋಗತೊಡಗಿ ನಾಲ್ಕು ವರ್ಷ. ಮೊದಲ ಮೂರು ಡ್ರಮ್ಮು ಕೆಟ್ಟು ತೋಡಿಗೆ ಹೋಗಿತ್ತು. ನಾಲ್ಕನೆಯದನ್ನು ಉಳಿಸಿದವರು ಸಿಂಚನಾಳ ಸೋದರತ್ತೆ ಪದ್ಮಾಕ್ಷಿ. ಅವರು ಸಾಲಿಗ್ರಾಮದ ಕಡೆ ನೈವೇದ್ಯ ಬೇಯಿಸುವ ಮನೆಯಲ್ಲಿ ಬೆಳೆದವರು. ಅಲ್ಲಿ ದೇವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಪಾಯಸ ಹದಕ್ಕೆ ಬಂತೋ ಇಲ್ಲವೋ ಕುದಿಯುವ ಸದ್ದಿನಲ್ಲೇ ತಿಳಿಯಬೇಕು. ಇಲ್ಲಿಯೂ ಅವರದು ಅದೇ ಕ್ರಮ. ಒಂದು ತೊಟ್ಟೂ ಬಾಯಿಗೆ ಹಾಕದೆ, ಡ್ರಮ್ಮಿಗೆ ಕಿವಿ ಹಚ್ಚಿ, ಗುಳುಗುಳು ನಿಂತ ದಿನ “ಮನಿಕಂಡಿತ್” ಅನ್ನುತ್ತಿದ್ದರು. ಮಲಗಿದ ಜೇನನ್ನು ಮರುದಿನ ಬಾಟಲಿಗೆ ತುಂಬಿಸಿದರೆ ಒಂದೂ ಕೆಡುತ್ತಿರಲಿಲ್ಲ. ಸಿಹಿ ಅಳೆಯಲು ಅಜಿತ್ ತರಿಸಿದ ಗಾಜಿನ ಕಡ್ಡಿಯನ್ನು ಸಿಂಚನಾ ಬಿಚ್ಚದೆಯೇ ಅಟ್ಟಕ್ಕೆ ಹಾಕಿದ್ದಳು. ಗಂಡ ತೀರಿಕೊಂಡ ಮೇಲೆ ಅತ್ತೆಗೆ ಬೆಳಗ್ಗೆ ಎದ್ದು ಬಸ್ಸು ಹತ್ತಲು ಇದ್ದ ಕಾರಣ ಈ ಡ್ರಮ್ಮುಗಳೊಂದೇ.

ಒಂಬತ್ತರ ಬಸ್ಸಿಳಿದು ಪದ್ಮಾಕ್ಷಿ ಬಾಗಿಲಿಗೆ ಬಂದರು.

“ಎಂತ ಆಯ್ತೇ ಇದ್?”

“ಬಾಟ್ಲಿ ಸರಿ ಇಲ್ಲ ಅತ್ತೆ. ತೆಳು ಗಾಜ್,” ಎಂದಳು ಸಿಂಚನಾ, ತುಸು ಗಟ್ಟಿಯಾಗಿ.

ಪದ್ಮಾಕ್ಷಿ ಸೀರೆ ಎತ್ತಿ ಹಿಡಿದು ಗಾಜನ್ನು ದಾಟಿ, ಈ ವಾರದ ಡ್ರಮ್ಮಿಗೆ ಕಿವಿ ಹಚ್ಚಿದರು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು.

“ಇದೂ ಮನಿಕಂಡಿತ್. ನಾಳೆ ತುಂಬ್ಸಿ.”

ಒಳಗಿನ ಗಾಳಿ ಹೊರಹೋಗಲೆಂದು ಮುಚ್ಚಳದ ಮೇಲಿಟ್ಟ ನೀರಿನ ನಳಿಗೆಯಲ್ಲಿ ಗುಳ್ಳೆಯೊಂದು ಎದ್ದು ಒಡೆಯಿತು. ಮೂರು ಎಣಿಸುವಷ್ಟರಲ್ಲಿ ಇನ್ನೊಂದು. ಅಜಿತ್ ಅದನ್ನೇ ನೋಡುತ್ತಿದ್ದ.

“ಆಯ್ತ್ ಅತ್ತೆ, ನಾಳೆಯೇ ತುಂಬ್ಸುವ,” ಎಂದಳು ಸಿಂಚನಾ.

ಪದ್ಮಾಕ್ಷಿ ತಟ್ಟನೆ ತಿರುಗಿದರು. ನಾಲ್ಕು ವರ್ಷದಲ್ಲಿ ಈ ಹುಡುಗಿ ಎರಡು ಸಲ ಕೇಳದೆ ಯಾವುದನ್ನೂ ಒಪ್ಪಿದವಳಲ್ಲ. ಅವಳ ಮುಖ ನೋಡಿದರು, ಅಜಿತನ ಮುಖ ನೋಡಿದರು, ಆಮೇಲೆ ಅವನ ಕಣ್ಣು ಹೋದ ಕಡೆ ನೋಡಿದರು. ಗುಳ್ಳೆ ಎದ್ದಿತು. ಒಡೆಯಿತು. ಮತ್ತೆ ಎದ್ದಿತು.

“ಎಷ್ಟ್ ಹೋಯ್ತ್?”

“ಏಳ್,” ಎಂದ ಅಜಿತ್. “ಗಾಜಿಂದೇ ತಪ್ಪ್, ಅತ್ತೆ.”

“ನಿಮ್ಗ್ ಇಬ್ರಿಗೂ ಸುಳ್ ಹೇಳೂಕೆ ಬತ್ತಿಲ್ಲ.”

ಅವರು ಚಹಾದ ಡಬ್ಬಿಯೊಳಗಿನ ಚಮಚ ತೆಗೆದುಕೊಂಡು ಡ್ರಮ್ಮಿನ ನಲ್ಲಿಗೆ ಹಿಡಿದರು. ಸಿಂಚನಾ ಮುಂದೆ ಬಂದೇಬಿಟ್ಟಳು.

“ಅತ್ತೆ, ಬ್ಯಾಡ.”

“ದೇವ್ರಿಗ್ ಇಡುದಲ್ಲ ಅಲ್ದಾ ಇದ್?”

ಇಬ್ಬರಿಗೂ ಬೆನ್ನು ಮಾಡಿ, ತುಟಿಗೆ ತಾಗದಂತೆ ಎತ್ತಿ ಬಾಯಿಗೆ ಹೊಯ್ದುಕೊಂಡರು. ನುಂಗಿದರು.

“ಇನ್ನೂ ಸಿಹಿ ಇತ್ತ್. ಹತ್ ದಿನ ಬೇಕ್.”

ಅಜಿತ್ ಸೀಮೆಸುಣ್ಣ ತಂದು ಡ್ರಮ್ಮಿನ ಮೇಲೆ ತಾರೀಕು ಬರೆದ. ಪದ್ಮಾಕ್ಷಿ ಚಮಚವನ್ನು ತೊಳೆದು ಸೆರಗಿನಿಂದ ಒರೆಸಿದರು. ಡಬ್ಬಿಗೆ ಹಾಕಲೆಂದು ಸಿಂಚನಾ ಕೈ ಚಾಚಿದಳು. ಅವರು ಕೊಡಲಿಲ್ಲ, ಬೀಗದ ಕೈಗೊಂಚಲಿನ ಪಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಡ್ರಮ್ಮಿನ ಕಡೆ ನಡೆದರು.