ಕೆಂಪು ಕೈಗವಸಿನ ಕಳ್ಳ

ಜಿಂಕೆ ಬೇಟೆಗೆಂದು ಮರಕ್ಕೆ ಕಟ್ಟುವ ಕ್ಯಾಮೆರಾದಲ್ಲಿ ಸಿಕ್ಕಿದ್ದು ಒಂದು ಕೈ ಮಾತ್ರ. ಕೈಗೆ ಕೆಂಪು ಗವಸು. ವರ್ನನ್ ಲುಟ್ಜ್ ಆ ಚಿತ್ರವನ್ನು ಪಕ್ಷದ ಸಭೆಯ ಮೇಜಿನ ಮೇಲೆ ಬಡಿದ.

“ಇದು ಯಾರ ಅಂಗಡಿ ಗವಸು ಅಂತ ನಾನೇ ಬಾಯಿಬಿಟ್ಟು ಹೇಳಬೇಕಾ?”

ಎಲ್ಲರೂ ಕರ್ಟಿಸ್ ರಾಡೆಮೇಕರ್‌ನತ್ತ ತಿರುಗಿದರು. ಟ್ರ್ಯಾಕ್ಟರ್ ಅಂಗಡಿ ಅವನದು. ಓಹಾಯೋ ರಾಜ್ಯದ ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಆ ಗವಸು ಬೇರೆಲ್ಲೂ ಸಿಗುವುದಿಲ್ಲ.

“ಅರ್ಧ ಕೌಂಟಿ ಅದೇ ಗವಸು ಹಾಕ್ಕೊಂಡು ಓಡಾಡುತ್ತೆ. ನಿನ್ನ ಹೆಂಡ್ತೀನೂ ಒಂದು ಜೊತೆ ತಗೊಂಡಿದ್ದಾಳೆ, ಹೋಗಿ ಕೇಳು,” ಎಂದ ಕರ್ಟಿಸ್. “ನನ್ನ ಚುನಾವಣಾ ಬೋರ್ಡುಗಳೂ ಮಾಯ ಆಗಿದಾವಲ್ಲ, ಅವನ್ನೂ ನಾನೇ ಕದ್ದೆನಾ?”

“ಹೌದಪ್ಪ. ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ!”

ಇಬ್ಬರೂ ಮೂವತ್ತು ವರ್ಷ ಒಂದೇ ದೋಣಿಯಲ್ಲಿ ಕೂತು ಮೀನು ಹಿಡಿದವರು. ದೋಣಿಯೂ ಇಬ್ಬರದು. ವರ್ನನ್ ನಾಲ್ಕು ಅವಧಿಯಿಂದ ಕೌಂಟಿ ಕಮಿಷನರ್, ಜನ ಓಟು ಹಾಕಿ ಆರಿಸುವ ಆಡಳಿತಗಾರ. ಈ ಸಲ ಅವನ ಕುರ್ಚಿಗೆ ಅವನದೇ ಪಕ್ಷದ ಕರ್ಟಿಸ್ ಕೈ ಹಾಕಿದ್ದ. ಇಬ್ಬರಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಮತದಾನ ಮೇ ತಿಂಗಳ ಮೊದಲ ವಾರ. ಅದರಲ್ಲಿ ಗೆದ್ದವನಿಗೆ ನವೆಂಬರ್ ಚುನಾವಣೆ ಬರೀ ಶಾಸ್ತ್ರ, ಏಕೆಂದರೆ ಮೂವತ್ತನಾಲ್ಕು ವರ್ಷದಿಂದ ಎದುರು ಪಕ್ಷದವರು ಇಲ್ಲಿ ಗೆದ್ದದ್ದೇ ಇಲ್ಲ.

ತತ್ವದ ಜಗಳ ಇರಲಿಲ್ಲವೇ? ಇತ್ತು. ಪಕ್ಷವನ್ನು ಉಳಿಸಬೇಕು ಎಂದು ವರ್ನನ್ ಹೇಳುತ್ತಿದ್ದ. ಪಕ್ಷವನ್ನು ವರ್ನನ್‌ನಿಂದ ಉಳಿಸಬೇಕು ಎಂದು ಕರ್ಟಿಸ್ ಹೇಳುತ್ತಿದ್ದ. ಇದಕ್ಕಿಂತ ಹೆಚ್ಚಿನದೇನೂ ಅವರ ಕರಪತ್ರಗಳಲ್ಲಿ ಇರಲಿಲ್ಲ.

ಆ ವರ್ಷ ಹಿಮ ಬೇಗ ಕರಗಿತ್ತು. ಮನೆಮನೆಯ ಮುಂದಿನ ಹುಲ್ಲಿನಲ್ಲಿ ಬೋರ್ಡುಗಳೂ ಬೇಗ ಎದ್ದವು, ಒಂದೊಂದು ಬೀದಿಗೆ ಇಪ್ಪತ್ತಿಪ್ಪತ್ತು. ಏಪ್ರಿಲ್‌ನಲ್ಲಿ ಅವು ರಾತ್ರೋರಾತ್ರಿ ಮಾಯವಾಗತೊಡಗಿದವು. ವಿಚಿತ್ರವೆಂದರೆ ಕಳ್ಳ ಹೆಸರು ಬರೆದ ರಟ್ಟನ್ನು ಒಯ್ಯುತ್ತಿರಲಿಲ್ಲ. ಇಬ್ಬರ ರಟ್ಟುಗಳನ್ನೂ ಒಪ್ಪವಾಗಿ ಜೋಡಿಸಿ, ದಾರ ಕಟ್ಟಿ, ಆಯಾ ಮನೆಯ ಅಂಚೆ ಡಬ್ಬಿಯ ಬುಡದಲ್ಲಿ ಇಟ್ಟುಹೋಗುತ್ತಿದ್ದ. ನೆಲಕ್ಕೆ ಚುಚ್ಚುವ ತಂತಿಯ ಕಾಲು ಮಾತ್ರ ಮಾಯ.

“ಕಾಲೇ ಇಲ್ಲದಿದ್ರೆ ಮತ್ತೆ ನಿಲ್ಲಿಸೋದು ಹೇಗೆ? ಎಂಥ ಪಾತಾಳದ ಬುದ್ಧಿ!” ಎಂದ ವರ್ನನ್.

“ಬುದ್ಧಿನಾ? ಹಾಗಾದ್ರೆ ನಿನ್ನ ಕೆಲಸ ಅಲ್ಲ ಬಿಡು,” ಎಂದ ಕರ್ಟಿಸ್.

ಪಕ್ಷದ ಕಾರ್ಯದರ್ಶಿ ಓಪಲ್ ಟ್ರೌಟ್‌ಮನ್ ಎದ್ದು ನಿಂತರು. ವಯಸ್ಸು ಎಪ್ಪತ್ತೆಂಟು. ನಲವತ್ತೊಂದು ವರ್ಷದಿಂದ ನಡಾವಳಿ ಬರೆಯುವವರು ಅವರೇ, ಕಾಫಿ ಕಾಯಿಸುವವರು ಅವರೇ, ಎರಡೂ ಬಣಕ್ಕೆ ಟೊಮೆಟೊ ಗೊಜ್ಜಿನ ಜಾಡಿ ಹಂಚುವವರೂ ಅವರೇ.

“ಈ ಬೋರ್ಡಿನ ವಿಷಯದಲ್ಲಿ ನನ್ನದೊಂದು ಮಾತು...”

“ಗೊತ್ತು ಓಪಲಮ್ಮ. ಒಗ್ಗಟ್ಟು ಬೇಕು, ಅಷ್ಟೇ ತಾನೆ? ಕೂತ್ಕೊಳ್ಳಿ,” ಎಂದ ವರ್ನನ್.

ಸ್ವಲ್ಪ ಹೊತ್ತಿನ ಮೇಲೆ ಅವರು ಮತ್ತೆ ಎದ್ದರು.

“ಕಾಫಿ ಆರ್ತಾ ಇದೆ ಓಪಲಮ್ಮ,” ಎಂದ ಕರ್ಟಿಸ್.

ಕಳ್ಳನನ್ನು ಹಿಡಿಯಲು ವಿಚಾರಣಾ ಸಮಿತಿ ಆಯಿತು. ಆ ಬಣದ ಆರು ಜನ, ಈ ಬಣದ ಆರು ಜನ. ಅಧ್ಯಕ್ಷ ಯಾರೆಂಬುದಕ್ಕೆ ಮತ ಹಾಕಿದರು. ಆರಕ್ಕೆ ಆರು. ಮತ್ತೆ ಹಾಕಿದರು. ಆರಕ್ಕೆ ಆರು. ಓಪಲ್ ಮೂರನೇ ಸಲ ಎದ್ದಾಗ ವರ್ನನ್ ಮತ್ತು ಕರ್ಟಿಸ್ ಒಂದೇ ದನಿಯಲ್ಲಿ, “ಆಮೇಲೆ ಓಪಲಮ್ಮ!” ಎಂದರು. ಆ ಸಭೆಯಲ್ಲಿ ಅವರು ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ಮೇ ತಿಂಗಳಲ್ಲಿ ವರ್ನನ್ ಹತ್ತೊಂಬತ್ತು ಮತಗಳಿಂದ ಗೆದ್ದ. ಕದ್ದ ಗೆಲುವು ಎಂದ ಕರ್ಟಿಸ್, ಅಭಿನಂದನೆಗೆ ಫೋನ್ ಕೂಡ ಮಾಡಲಿಲ್ಲ. ಬೇಸಿಗೆಯಿಡೀ ದೋಣಿ ಮೂರನೆಯವರ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಅಕ್ಟೋಬರ್‌ನಲ್ಲಿ ಓಪಲ್ ಹೊಸ ಗೊಜ್ಜು ಹಂಚಿದರು. ಎರಡು ಬಣದವರೂ ಬೇರೆ ಬೇರೆ ದಿನ ಬಂದು ಒಯ್ದರು. ಈ ವರ್ಷ ಫಸಲು ಬಲು ಚೆನ್ನಾಗಿತ್ತಂತೆ.

ನವೆಂಬರ್‌ನಲ್ಲಿ ಕರ್ಟಿಸ್‌ನ ಕಡೆಯವರು ಮತಗಟ್ಟೆಗೆ ಹೋದರು, ಮತಪತ್ರದಲ್ಲಿ ಉಳಿದೆಲ್ಲ ಹುದ್ದೆಗಳಿಗೂ ಪಕ್ಷಕ್ಕೇ ಮತ ಹಾಕಿದರು, ಕಮಿಷನರ್ ಸಾಲನ್ನು ಮಾತ್ರ ಖಾಲಿ ಬಿಟ್ಟು ಬಂದರು. ಎದುರು ಪಕ್ಷದಿಂದ ನಿಂತಿದ್ದವನು ಶಾಲೆಯ ಬ್ಯಾಂಡ್ ಮೇಷ್ಟ್ರು ನೀಲ್ ಪ್ರುಯಿಟ್. ಬೇರೆ ಯಾರೂ ಸಿಗಲಿಲ್ಲವೆಂದು ನಿಲ್ಲಿಸಿದ್ದರು. ಒಂದು ಬೋರ್ಡನ್ನೂ ನೆಟ್ಟಿರಲಿಲ್ಲ, ಪುಣ್ಯಾತ್ಮ. ಇನ್ನೂರ ಹನ್ನೆರಡು ಮತಗಳಿಂದ ಗೆದ್ದು, ಎಲ್ಲರಿಗಿಂತ ಹೆಚ್ಚು ಅವನೇ ಗಾಬರಿಯಾದ.

ಸೋತ ಮರುವಾರ ವರ್ನನ್ ಖಾಲಿ ಜಾಡಿ ಹಿಡಿದು ಓಪಲ್ ಮನೆಗೆ ಹೋದ. ಜಾಡಿ ಹಿಂತಿರುಗಿಸದವರಿಗೆ ಮುಂದಿನ ವರ್ಷ ಗೊಜ್ಜು ಇಲ್ಲ. ಅವನಿಗೆ ಕುರ್ಚಿ ಹೋದದ್ದಕ್ಕಿಂತ ಮೀನಿಗೆ ಜೊತೆ ಹೋದದ್ದೇ ಹೆಚ್ಚು ಸಂಕಟವಾಗಿತ್ತು. ಅದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು. ಬಾಗಿಲು ತಟ್ಟಿದ, ಉತ್ತರವಿಲ್ಲ. ಹಿತ್ತಲಿಗೆ ಸುತ್ತಿ ಹೋದ.

ಹಿಮಕ್ಕೆ ಸುಟ್ಟು ಕರಿದಾದ ಟೊಮೆಟೊ ಗಿಡಗಳು ಆರು ಸಾಲು. ಓಪಲ್ ಬಗ್ಗಿ ಒಂದೊಂದನ್ನೇ ಕೀಳುತ್ತಿದ್ದರು, ಕೈಗೆ ಕೆಂಪು ಗವಸು. ಕಿತ್ತ ಗಿಡದ ಜಾಗದಲ್ಲಿ ಅದಕ್ಕೆ ಆಸರೆಯಾಗಿದ್ದ ತಂತಿಯ ಕಾಲು ಉಳಿಯುತ್ತಿತ್ತು. ದಪ್ಪ ತಂತಿಯವು ಕರ್ಟಿಸ್‌ನವು, ಸಣ್ಣ ತಂತಿಯವು ವರ್ನನ್‌ನವು. ಒಂದೇ ಸಾಲಿನಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದವು. ವರ್ನನ್‌ನ ಕೈಯಿಂದ ಜಾಡಿ ಜಾರಿತು.

“ಬೇರೆ ವರ್ಷ ಓಟು ಮುಗಿದ ಮೇಲೆ ನೀವು ಎಸೆದವನ್ನೇ ಆರಿಸ್ಕೊಂಡು ಬರ್ತಿದ್ದೆ. ಹಳೇವೆಲ್ಲ ತುಕ್ಕು ಹಿಡಿದಿದ್ವು, ಈ ಸಲ ಸಸಿ ಬೇರೆ ಬೇಗ ಎದ್ದುಬಿಟ್ವು. ಇಬ್ಬರೂ ನಮ್ಮವರೇ, ಬೀದಿಗೆ ಇಪ್ಪತ್ತು ಬೋರ್ಡು ಯಾಕೆ ಅಂತ ಒಂದಷ್ಟು ತಂದೆ,” ಎಂದರು ಓಪಲ್, ಸೊಂಟಕ್ಕೆ ಕೈಯೂರಿ ನೆಟ್ಟಗಾಗುತ್ತ.

“ಅದನ್ನೇ ಹೇಳೋಣ ಅಂತ ಮೂರು ಸಲ ಎದ್ದು ನಿಂತೆ ಕಣಪ್ಪ, ನೀವಿಬ್ಬರೂ ಸೇರಿ ಕೂರಿಸಿಬಿಟ್ರಿ.”