ವಿನೆಗರ್ ವಾಸನೆ

ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ವಿನೆಗರ್ ವಾಸನೆ ಅವನ ಮೂಗಿಗೆ ಬಡಿಯಿತು. ಹಳೆಯ ಸಿನಿಮಾ ರೀಲು ಕೆಟ್ಟರೆ ಬರುವ ವಾಸನೆಯೂ ಅದೇ. ರೀಲು ಹುಡುಕಿ ಕೊಳ್ಳುತ್ತಾ ಊರೂರು ಅಲೆಯುವ ಅವನಿಗೆ ರೀಲು ಬಿಡುವವರೇ ಹೆಚ್ಚು ಸಿಗುತ್ತಿದ್ದರು, ಹಾಗಾಗಿ ಅವನು ಯಾರನ್ನೂ ನಂಬುತ್ತಿರಲಿಲ್ಲ.

“ತಂಗಿ ಬೆಳಿಗ್ಗೆಯಿಂದ ವಿನೆಗರ್ ಹಾಕಿ ಕಿಟಕಿ ಒರೆಸ್ತಿದ್ದಾಳೆ, ಅದರ ವಾಸನೆ ಸಾರ್,” ಎಂದ ಮಾರಲು ಕೂತಿದ್ದ ಅಣ್ಣ. “ಅಪ್ಪ ಟಾಕೀಸಲ್ಲಿ ಆಪರೇಟರ್ ಆಗಿದ್ರು, ಜೋಪಾನವಾಗಿ ಇಟ್ಟಿದ್ರು. ಅಮ್ಮನೂ ಇದರಲ್ಲಿ ಎಲ್ಲೋ ಕುಣಿದಿದ್ದಾರಂತೆ, ನಾನಂತೂ ನೋಡಿಲ್ಲ.” ಒದ್ದೆ ಬಟ್ಟೆ ಹಿಡಿದ ತಂಗಿ ತಿರುಗಿಯೂ ನೋಡಲಿಲ್ಲ. ಕೆಟ್ಟ ರೀಲಿನ ವಾಸನೆ ಮುಚ್ಚಲು ಇಬ್ಬರೂ ಸೇರಿ ಹೂಡಿದ ಆಟವಿದು ಎಂದುಕೊಂಡ ಅವನು, “ಬೆಳಕಲ್ಲಿ ನೋಡ್ತೀನಿ,” ಎಂದು ಡಬ್ಬಿ ಎತ್ತಿಕೊಂಡು ಬೀದಿಗೆ ಬಂದ.

ಮುಚ್ಚಳ ತೆಗೆದು ಮೂಸಿದ. ರೀಲಿಗೆ ಹುಳಿ ವಾಸನೆಯೇ ಇರಲಿಲ್ಲ. ವಿನೆಗರ್ ಇದ್ದದ್ದು ಡಬ್ಬಿಯ ಹೊರಮೈಗೆ ಮಾತ್ರ, ಅದೂ ಈಗಷ್ಟೇ ಬಳಿದಂತೆ. ಒಳ್ಳೆಯ ಮಾಲನ್ನು ಕೆಟ್ಟದ್ದೆಂದು ತೋರಿಸುವವರು ಯಾರು? ಅನುಮಾನ ಇನ್ನಷ್ಟು ಬಲವಾಗಿ, ರೀಲು ಬಿಚ್ಚಿ ಬಿಸಿಲಿಗೆ ಹಿಡಿದ. ಒಂದು ಕಡೆ ಮಾತ್ರ ಅಂಚು ಬೆರಳಾಡಿ ಆಡಿ ಸವೆದಿತ್ತು. ಅಲ್ಲಿ, ಕುಣಿಯುವವರ ಸಾಲಿನ ಕೊನೆಯಲ್ಲಿ, ಒಬ್ಬಳು ನಗುತ್ತಿದ್ದಳು. ತಂಗಿಯದೇ ಅಗಲ ಹಣೆ, ತಂಗಿಯದೇ ಚೂಪು ಗಲ್ಲ. ತಲೆಯೆತ್ತಿದರೆ, ಅರ್ಧ ಒರೆಸಿದ ಕಿಟಕಿಯ ಹಿಂದೆ ಅವಳು ಅವನನ್ನೇ ನೋಡುತ್ತಾ ನಿಂತಿದ್ದಳು.

“ಹೇಗಿದೆ ಸಾರ್?” ಅಣ್ಣ ಬಾಗಿಲಿಗೆ ಬಂದ, ಅವನ ಬೆನ್ನಿಗೇ ತಂಗಿಯೂ ಬಂದಳು. ಕೊಳ್ಳಲು ಬಂದವನು ರೀಲನ್ನು ಮೆಲ್ಲಗೆ ಸುತ್ತಿಟ್ಟು, ಮುಚ್ಚಳ ಬಿಗಿದು, ಡಬ್ಬಿಯನ್ನು ಅವಳ ಕೈಗೇ ಕೊಟ್ಟ.

“ಪೂರ್ತಿ ಕೆಟ್ಟಿದೆ. ಇದನ್ನ ಯಾರೂ ತಗೊಳ್ಳಲ್ಲ,” ಎಂದು ಮೊದಲ ಸಲ ತಾನೇ ಒಂದು ರೀಲು ಬಿಟ್ಟ.