ಹಾದುಹೋದ ಕಾಫಿ

ಯಾವ ದೇಶದ ಸರಕು ಯಾವ ದೇಶ ಸೇರಿತೆಂದು ಕೋಷ್ಟಕದಲ್ಲಿ ಕೂರಿಸುವುದೇ ವಾರಿಜಾ ಅವರ ಕಚೇರಿ ಕೆಲಸ. ನಮ್ಮ ಕಾಫಿ ನಡುವೆ ಬೇರೊಂದು ದೇಶದ ಬಂದರಿನಲ್ಲಿ ಇಳಿದು ಮುಂದೆ ಹೋದರೆ, ಕೊಂಡವರು ಅದನ್ನು ಆ ಬಂದರಿನವರ ಬೆಳೆಯೆಂದೇ ಬರೆದುಕೊಳ್ಳುತ್ತಿದ್ದರು.

“ಅಲ್ಲಿ ಒಂದು ಕಾಫಿ ಗಿಡವೂ ಇಲ್ಲ ಕಣೋ,” ಎಂದು ಕಿರಿಯ ಸಹೋದ್ಯೋಗಿ ಸುದರ್ಶನನಿಗೆ ಹೇಳಿ ನಗುತ್ತಿದ್ದರು.

ಆ ತಪ್ಪನ್ನು ತಿದ್ದುವ ವಿಧಾನವನ್ನು ವರ್ಷಗಟ್ಟಲೆ ಕೂತು ಅವರೇ ಕಂಡುಹಿಡಿದರು. ನಿವೃತ್ತಿಗೆ ಮೊದಲು ಒಮ್ಮೆಯಾದರೂ ಅದು ತಮ್ಮ ಹೆಸರಿನಲ್ಲಿ ಕೇಳಿಬರಲಿ ಎಂಬುದೊಂದೇ ಆಸೆ.

“ವೇದಿಕೆ ಹತ್ತಿದರೆ ನನಗೆ ಗಂಟಲು ಕಟ್ಟುತ್ತೆ. ಸಮ್ಮೇಳನದಲ್ಲಿ ನನ್ನ ಪರವಾಗಿ ಈ ಪ್ರಬಂಧ ನೀನೇ ಓದಿಬಿಡಪ್ಪ.”

“ನೀವು ಆರಾಮಾಗಿ ಕೂತು ಕೇಳಿ ಅಕ್ಕಾ.”

ಸಮ್ಮೇಳನದ ದಿನ ಸುದರ್ಶನ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಸಕ್ಕರೆಯಿಲ್ಲದ ಕಾಫಿಯನ್ನೂ ತಂದಿಟ್ಟ. ಹೆತ್ತ ಮಗನೂ ಇಷ್ಟು ಮಾಡಲಾರ ಎಂದುಕೊಂಡರು ವಾರಿಜಾ.

“ಹೆಸರು ಸಲ್ಲಬೇಕಾದ್ದು ದಾರಿಯ ಬಂದರಿಗಲ್ಲ, ಬೆಳೆದವರಿಗೆ,” ಎಂದು ಅವನು ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು.

“ಸೊಗಸಾಗಿದೆ. ಯಾರದ್ದು ಈ ವಿಧಾನ?” ಅಧ್ಯಕ್ಷರು ಕೇಳಿದರು.

ವಾರಿಜಾ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ನನ್ನದೇ ಸರ್,” ಎಂದ ಸುದರ್ಶನ. “ಅಲ್ಲಿ ನಿಂತಿದ್ದಾರಲ್ಲ, ನಮ್ಮ ವಾರಿಜಕ್ಕ, ಅಷ್ಟನ್ನೂ ಟೈಪ್ ಮಾಡಿಕೊಟ್ಟರು. ತುಂಬಾ ಒಳ್ಳೆಯವರು, ಪಾಪ.”